ಅತ್ತಿಯ ಹೂವು, ಅತ್ತಿಯ ಹುಳು

ಧಾರವಾಡದಿಂದ ಉಪ್ಪಿನಬೆಟಗೇರಿಯವರೆಗೆ ಯಾವ ಒಕ್ಕಲಿಗನನ್ನು ಕೇಳಿದರೂ ಅತ್ತಿಯ ಹೂವನ್ನು ಕಂಡೆನೆನ್ನಲಾರನು; ಅತ್ತಿಯ ಹಣ್ಣಿನ ಹುಳುವನ್ನು ಕಾಣದವನೂ ಇರಲಾರನು. ಹೂವಿಲ್ಲದೆ ಫಲಿಸುವ ಮರಕ್ಕೆ 'ವನಸ್ಪತಿ'ಯೆಂಬ ಹೆಸರನ್ನು ಅಮರಸಿಂಹನು ತನ್ನ ಕೋಶದಲ್ಲಿ ಹೇಳಿದ್ದಾನೆ. ಬೌದ್ಧ ಗ್ರಂಥಗಳಲ್ಲಿ ಉದುಂಬರ ಪುಷ್ಪವೆಂದರೆ ದುರ್ಲಭ ವಸ್ತು. ನಮ್ಮ ಗಾದೆಯೋ ಹೂವಿನ ಗೋಜಿಗೇ ಹೋಗದೆ, ಹಣ್ಣನ್ನು ಬಿಚ್ಚಿ ಹುಳುವನ್ನು ತೋರಿಸಿ ಮೂಗು ಮುರಿಯಿತು. ಕಾಣದ ಹೂವಿಗೂ ಕಾಣುವ ಹುಳುವಿಗೂ ನಂಟುಂಟೆಂದು ಮಾತ್ರ ಹಿಂದಿನವರಿಗೆ ಹೊಳೆಯಲಿಲ್ಲ.

ನಾವು ಕಾಯಿಯೆನ್ನುವುದು ನಿಜವಾಗಿ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರ ತುದಿಯ ಕಿರುಬಾಯಿಯಿಂದ ಹೆಣ್ಣು ಕಣಜವೊಂದು ನುಸುಳುತ್ತದೆ; ನುಸುಳುವಾಗಲೇ ರೆಕ್ಕೆ ಮುರಿಯುತ್ತದೆ. ಹೊತ್ತು ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವದರಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಯ ಪಾಲು, ಮಿಕ್ಕವು ಬೀಜಕ್ಕೆ. ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಅವುಗಳಿಗಾಗಿ ಗೋಡೆಯಲ್ಲಿ ಸುರಂಗ ಕೊರೆದು ಕೊಟ್ಟು ಸಾಯುತ್ತವೆ. ಹೊಸ ಪರಾಗವನ್ನು ತುಂಬಿಕೊಂಡು ಹಾರಿದ ಹೆಣ್ಣಿಗೆ ಒಂದೆರಡು ದಿನದ ಆಯುಷ್ಯ. ಅಷ್ಟರೊಳಗೆ ವಾಸನೆ ಹಿಡಿದು ಇನ್ನೊಂದು ಮರವನ್ನು ಸೇರಬೇಕು. (ಕನ್ನಡದಲ್ಲಿ ಕಣಜವೆಂದರೆ ಕಾಳು ತುಂಬಿಡುವ ಉಗ್ರಾಣವೂ ಹೌದು. ಅತ್ತಿಯ ಮಟ್ಟಿಗೆ ಎರಡರ್ಥವೂ ಸಲ್ಲುತ್ತದೆ.)

ಅತ್ತಿಯ ದಾಯಾದಿಯಾದ ಅಂಜೂರದ ವಿಷಯದಲ್ಲಿ ಗ್ರೀಕರು ಈ ನಂಟನ್ನು ಅರ್ಧ ಕಂಡಿದ್ದರು. ಕಾಡು ಅಂಜೂರದ ಕಾಯಿಗಳನ್ನು ತೋಟದ ಗಿಡಗಳಿಗೆ ತೂಗುಹಾಕಿದರೆ, ಅವುಗಳ ಹುಳು ಬಂದು ಫಲ ಉದುರದಂತೆ ಮಾಡುತ್ತದೆಂದು ಅರಿಸ್ಟಾಟಲನೂ ಥಿಯೊಫ್ರಾಸ್ಟಸನೂ ಬರೆದಿದ್ದಾರೆ. ಇದನ್ನು ರೈತರ ಮೂಢನಂಬಿಕೆಯೆಂದು ನಕ್ಕವರೂ ಉಂಟು. ಆ ನಗುವಿನ ಬೆಲೆ ತಿಳಿದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 1880ರ ದಶಕದಲ್ಲಿ ಅಲ್ಲಿ ತುರ್ಕಿಯ ಸ್ಮಿರ್ನಾ ಅಂಜೂರದ ಸಸಿಗಳನ್ನು ನೆಟ್ಟರು. ಗಿಡ ಬೆಳೆಯಿತು, ಕಾಯಿಯೂ ಬಿಟ್ಟಿತು. ಹಣ್ಣಾಗುವ ಮೊದಲೇ ಎಲ್ಲ ಉದುರಿಹೋಯಿತು! 1890ರಲ್ಲಿ ಫ್ರೆಸ್ನೋದ ಜಾರ್ಜ್ ರೋಡಿಂಗ್ ಕೈಯಾರೆ ಪರಾಗ ಹಾಕಿ ಕೆಲವೇ ಹಣ್ಣು ಪಡೆದನು. ತೋಟಕ್ಕೆ ತೋಟವನ್ನೇ ಹೀಗೆ ಸಾಕುವುದುಂಟೆ? 1899ರಲ್ಲಿ ಆಲ್ಜೀರಿಯದಿಂದ ಹುಳು ತುಂಬಿದ ಕಾಡುಕಾಯಿಗಳನ್ನು ತರಿಸಿದರು. ಹುಳು ನೆಲೆಯೂರಿದ ಮೇಲೆಯೇ ಬೆಳೆ ಕೈಗೆ ಬಂದಿತು.

ಹಾಗೆಂದು ಗಾದೆಯನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ಅತ್ತಿಯೊಳಗಿನ ಹುಳುಗಳೆಲ್ಲ ದುಡಿಮೆಯವಲ್ಲ; ಪರಾಗ ತರದೆ, ಹೊರಗಿನಿಂದಲೇ ಕಾಯಿಯನ್ನು ಕೊರೆದು, ಒಳಗಿನ ಮರಿಗಳ ಮೇಲೆ ಮೊಟ್ಟೆಯಿಡುವ ಕಣಜವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ ಕುಂದನಾಟಿ ಹಾಗೂ ನಮ್ರತಾ ಗುಂಡಯ್ಯ 2014ರಲ್ಲಿ ಅದರ ಕೊರೆಯುವ ಅಂಗವನ್ನು ಪರೀಕ್ಷಿಸಿದರು. ಕೂದಲಿಗಿಂತ ಸಪೂರವಾದ ಆ ಸೂಜಿಯ ಹಲ್ಲುಳ್ಳ ತುದಿಯಲ್ಲಿ ಸತು ಸೇರಿತ್ತು.