ವೇರೂಳಿನ ತುದಿಯಲ್ಲಿರುವುದು ಊರೋ, ಪುರವೋ?

ಕೈಲಾಸ ದೇವಾಲಯವಿರುವ ಗುಹೆಗಳ ಊರಿಗೆ ಹಲವು ಹೆಸರುಗಳಿವೆ. ಹೊರಗಿನವರಿಗೆ ಅದು ಎಲ್ಲೋರ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಜನರಿಗೆ ವೇರೂಳ. ಸಂಸ್ಕೃತ ತಾಮ್ರಪಟಗಳಲ್ಲಿ ಏಲಾಪುರ, ಮಹಾನುಭಾವ ಪಂಥದ ಹಳೆಯ ಮರಾಠಿ ಗ್ರಂಥಗಳಲ್ಲಿ ಏಳಾಪುರ. ಈ ಹೆಸರಿನ ತುದಿಯಲ್ಲಿ ಕನ್ನಡದ ‘ಊರು’ ಅಡಗಿದೆ ಎಂಬ ಮಾತು ಕನ್ನಡಿಗರಲ್ಲಿ ಹಳೆಯದು. ಇದೇ ‘ಊರು’ ಪದವನ್ನು ಸುಮೇರ್, ಬಾಸ್ಕ್ ನಾಡು, ಕಾಕಸಸ್ ಪರ್ವತಗಳವರೆಗೆ ಕೊಂಡೊಯ್ಯುವವರೂ ಇದ್ದಾರೆ. ಹತ್ತಿರದ ವೇರೂಳಿನಲ್ಲಿ ಈ ಪದವನ್ನು ಸಾಧಿಸಲು ಎಂಥ ಆಧಾರ ಬೇಕೆಂದು ಗೊತ್ತಾದರೆ, ದೂರದ ಹೋಲಿಕೆಗಳ ಬೆಲೆಯೂ ತಿಳಿಯುತ್ತದೆ. ಅದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ನಾಸಿಕದ ಶಾಸನಗಳು ಹೇಳುವುದೇನು?

ವೇರೂಳಿನ ನೆರೆಯ ಜಿಲ್ಲೆಯಾದ ನಾಸಿಕದ ಪಾಂಡವಲೇಣಿ ಗುಹೆಗಳ ಪ್ರಾಕೃತ ಶಾಸನಗಳು ಈ ಸೀಮೆಯ ಹಳ್ಳಿಗಳ ಹೆಸರು ಹೇಳುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಸೇರುತ್ತವೆ. 18ನೆಯ ಗುಹೆಯ ಮುಂಭಾಗದಲ್ಲಿ ಧಂಭಿಕ ಎಂಬ ಗ್ರಾಮದವರ ದಾನವನ್ನು ದಾಖಲಿಸುವ ಶಾಸನವಿದೆ. ಶಾತವಾಹನ ಪುಳುಮಾವಿಯ ಕಾಲದ ದಾನಗಳಲ್ಲಿ ಪಿಸಾಜಿಪದಕ, ಸಾಮಲಿಪದ ಎಂಬ ಹಳ್ಳಿಗಳು ಬರುತ್ತವೆ. ಸುತ್ತಲಿನ ಆಡಳಿತ ವಿಭಾಗದ ಹೆಸರು ಗೋವರ್ಧನ ಆಹಾರ. ಇಲ್ಲಿ ಕಾಣುವ ವಾರ್ಗಿಕಗಳು, ಅಂದರೆ ಊರ ಹೆಸರಿನ ಕೊನೆಯ ಸಾಮಾನ್ಯ ಪದಗಳು, ‘ಗಾಮ’, ‘ಪದ’ ಇಂಥವು. ‘ಊರು’ ಕಾಣುವುದಿಲ್ಲ.

ಇದರಿಂದ ಅಲ್ಲಿ ದ್ರಾವಿಡ ಮಾತು ಇರಲೇ ಇಲ್ಲ ಎನ್ನಲಾಗದು. ಶಾಸನದ ಭಾಷೆ ಆಡಳಿತದ ಭಾಷೆ; ಹಳ್ಳಿಯವರ ಬಾಯಿಯ ಹೆಸರನ್ನು ಅದು ತನ್ನ ಎರಕಕ್ಕೆ ಹೊಯ್ದುಕೊಳ್ಳುತ್ತದೆ. ಅದೇ ಶಾತವಾಹನರ ಬೆಳ್ಳಿ ನಾಣ್ಯಗಳ ಒಂದು ಮುಖದಲ್ಲಿ ಪ್ರಾಕೃತವೂ ಇನ್ನೊಂದು ಮುಖದಲ್ಲಿ ದ್ರಾವಿಡ ಭಾಷೆಯೂ ಇವೆ. ಗೋದಾವರಿ ದಂಡೆಯ ಪ್ರತಿಷ್ಠಾನದ, ಅಂದರೆ ಇಂದಿನ ಪೈಠಣದ, ಹಾಲ ರಾಜನ ಹೆಸರಿನಲ್ಲಿರುವ ಗಾಥಾಸಪ್ತಶತಿಯಲ್ಲಿ ‘ಅತ್ತಾ’, ‘ತುಪ್ಪ’, ‘ಪೊಟ್ಟ’ದಂಥ ಪದಗಳು ಸಿಗುತ್ತವೆ. ಮರಾಠಿಗರು ಇಂದಿಗೂ ತುಪ್ಪಕ್ಕೆ ‘ತೂಪ’, ಹೊಟ್ಟೆಗೆ ‘ಪೋಟ’ ಎನ್ನುತ್ತಾರೆ. ದ್ರಾವಿಡ ಸಂಪರ್ಕ ಇತ್ತೆಂಬುದಕ್ಕೆ ಇಷ್ಟು ಸಾಕು. ಆದರೆ ಒಂದು ನಿರ್ದಿಷ್ಟ ಊರಿನ ಹೆಸರು ದ್ರಾವಿಡ ಎನ್ನಲು ಇದು ಸಾಲದು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಸಾಕ್ಷ್ಯಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ. ಅದು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳುತ್ತದೆ ನಿಜ. ಆದರೆ ತಿರುಳ್ಗನ್ನಡದ ಸೀಮೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ, ಗೋದಾವರಿಗೆ ಬಹು ದೂರದ ದಕ್ಷಿಣದಲ್ಲಿ ಗುರುತಿಸುತ್ತದೆ. ಎಲ್ಲೆಯಲ್ಲಿ ಎರಡು ಭಾಷೆಗಳು ಬೆರೆತಿದ್ದವೆಂದು ಭಾವಿಸುವುದೇ ಸಹಜ.

ಎರಡು ದಾರಿ, ಒಂದೇ ತುದಿ

ಮಹಾರಾಷ್ಟ್ರದ ಊರ ಹೆಸರುಗಳ ಕೊನೆಯಲ್ಲಿ ಕೇಳುವ ‘ಊರ’, ‘ಓರ’ ಧ್ವನಿಗೆ ಎರಡು ಮೂಲಗಳಿರಬಹುದು. ಒಂದು ದ್ರಾವಿಡದ ‘ಊರ್’. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಇದರ ಜ್ಞಾತಿಪದಗಳನ್ನು ತಮಿಳು, ಮಲಯಾಳ, ಕನ್ನಡ, ತುಳು, ತೆಲುಗುಗಳಿಂದ ಒಟ್ಟುಗೂಡಿಸಿದೆ. ಇನ್ನೊಂದು ಸಂಸ್ಕೃತದ ‘ಪುರ’. ಸ್ವರಗಳ ನಡುವಿನ ಪಕಾರ ಪ್ರಾಕೃತದಲ್ಲಿ ವಕಾರವಾಗುತ್ತದೆ (ದೀಪ ಎಂಬುದು ಮರಾಠಿಯಲ್ಲಿ ದಿವಾ ಆದಂತೆ), ಮುಂದೆ ಅದೂ ಸವೆದುಹೋಗಬಹುದು. ಆಗ ‘ಪುರ’ ಬರೀ ‘ಉರ’ವಾಗಿ ಉಳಿಯುತ್ತದೆ.

ಮೊದಲ ದಾರಿಗೆ ಒಳ್ಳೆಯ ನಿದರ್ಶನ ಲಾತೂರು, ಅಂದರೆ ಶಾಸನಗಳ ಲಟ್ಟಲೂರು. 866ರ ಶಿರೂರು ಮತ್ತು ನೀಲಗುಂದ ಶಾಸನಗಳು ರಾಷ್ಟ್ರಕೂಟ ದೊರೆ ಅಮೋಘವರ್ಷನನ್ನು ‘ಲಟ್ಟಲೂರಪುರ ಪರಮೇಶ್ವರ’ ಎಂದು ಕರೆಯುತ್ತವೆ. ‘ಪುರ’ ಇಲ್ಲಿ ‘ಊರ್’ ಮೇಲೆ ಹೊಸದಾಗಿ ಕೂತಿದೆ. ಊರು ಪುರದ ಸವೆದ ರೂಪವಾಗಿದ್ದರೆ ಒಂದೇ ಹೆಸರಿನಲ್ಲಿ ಎರಡೂ ಜೊತೆಗೆ ಬರುವ ಕಾರಣವಿರಲಿಲ್ಲ. ಬಿರುದು ಬರೆದವರಿಗೆ ‘ಲಟ್ಟಲೂರ’ ಎಂಬುದು ಒಡೆಯಲಾಗದ ಹಳೆಯ ಹೆಸರಾಗಿತ್ತು.

ಎರಡನೆಯ ದಾರಿಯ ನಿದರ್ಶನ ನಾಸಿಕ ಜಿಲ್ಲೆಯಲ್ಲೇ ಇದೆ. ದೇವಗಿರಿಯ ಸೇವುಣರ ಮೂಲಪುರುಷ ದೃಢಪ್ರಹಾರನ ರಾಜಧಾನಿ ಚಂದ್ರಾದಿತ್ಯಪುರವನ್ನು ವಿದ್ವಾಂಸರು ಚಾಂದೋರ ಎಂದು ಗುರುತಿಸುತ್ತಾರೆ. ಅದರ ಇಂದಿನ ಹೆಸರು ಚಾಂದವಡ. ‘ಚಾಂದೋರ’ವನ್ನು ಮಾತ್ರ ಕೇಳಿದವರು ಕೊನೆಯಲ್ಲಿ ‘ಊರು’ ಕಂಡರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿರುವುದು ಪುರ. ಅದೇ ಜಿಲ್ಲೆಯ ಸಿನ್ನರವೂ ಇಂಥದೇ: 1069ರ ವಸಈ ತಾಮ್ರಪಟ ಅದನ್ನು ‘ಸಿಂದಿನೇರ’ ಎನ್ನುತ್ತದೆ, ಅದರ ಹಿಂದೆ ‘ಸಿಂದಿನಗರ’ ಇದೆ. ನಗರ ಎಂಬುದು ಹೀಗೆ ‘ನೇರ’, ‘ನರ’ ಆಗುವ ಸೀಮೆಯಲ್ಲಿ ಪುರ ‘ಓರ’ವಾಗುವುದು ಅಪವಾದವಲ್ಲ.

ವೇರೂಳ ಯಾವ ದಾರಿಯದು?

ದಾಖಲೆಗಳಲ್ಲಿ ಹಳೆಯದು ಏಲಾಪುರ. ಬರೋಡಾದಲ್ಲಿ ಸಿಕ್ಕ ರಾಷ್ಟ್ರಕೂಟ ಕರ್ಕ ಸುವರ್ಣವರ್ಷನ 812ರ ತಾಮ್ರಪಟ, ಏಲಾಪುರದ ಬೆಟ್ಟದಲ್ಲಿ ಅದೇ ವಂಶದ ಕೃಷ್ಣರಾಜ ಮಾಡಿಸಿದ ಅದ್ಭುತ ದೇವಾಲಯವನ್ನು ಹೊಗಳುತ್ತದೆ. ಸ್ವರಗಳ ನಡುವಿನ ಲಕಾರ ಮರಾಠಿಯಲ್ಲಿ ಳಕಾರವಾಗುವುದು ನಿಯಮ; ಫಲ ‘ಫಳ’ವಾಯಿತು, ಕಮಲ ‘ಕಮಳ’ವಾಯಿತು. ಹಾಗಾಗಿ ‘ಏಳಾಪುರ’ ಏಲಾಪುರದ ನೇರ ಸಂತಾನ. ಏಲಾಪುರದ ಪಕಾರ ಬಿದ್ದು ಆಕಾರ, ಉಕಾರಗಳು ಕೂಡಿದರೆ ‘ಏಲೋರ’. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತೆವನೋ ಬರೆದುಕೊಂಡ ರೂಪವೂ ಇದೇ. ಇದು ಚಾಂದೋರ ಹೋದ ದಾರಿ. ‘ಎಲ್ಲೋರ’ದಲ್ಲಿ ಕನ್ನಡದ ಊರನ್ನು ಹುಡುಕಬೇಕಾದ ಅಗತ್ಯವಿಲ್ಲ.

‘ವೇರೂಳ’ದ ಕಥೆ ಬೇರೆ. ಅದರ ದೀರ್ಘ ಊಕಾರವನ್ನು ಸಾಕ್ಷಿಗೆ ಕರೆಯುವಂತಿಲ್ಲ. ಮರಾಠಿಯಲ್ಲಿ ಅಕಾರಾಂತ ಪದದ ಕೊನೆಯದರ ಹಿಂದಿನ ಅಕ್ಷರದ ಉಕಾರ ತಾನೇ ದೀರ್ಘವಾಗುತ್ತದೆ, ನಾಗಪುರವನ್ನು ಅವರು ‘ನಾಗಪೂರ’ ಎಂದೇ ಬರೆಯುತ್ತಾರೆ. ಸಾಕ್ಷಿಯಾಗಬಲ್ಲವು ಇನ್ನೆರಡು. ಒಂದು, ಏಲಾಪುರದಲ್ಲಿಲ್ಲದ ಮೊದಲ ವಕಾರ. ಎರಡು, ಓಕಾರವಾಗದೆ ಉಳಿದ ಊಕಾರ. ಅದರ ಹಿಂದೆ ಆಕಾರವಿದ್ದಿದ್ದರೆ ಅದು ಚಾಂದೋರದಂತೆ ಓಕಾರವಾಗಬೇಕಿತ್ತು. ಆದ್ದರಿಂದ ವೇರೂಳದ ಹಿಂದೆ ‘ವೇಲೂರ’ದಂಥ ರೂಪವನ್ನು ಊಹಿಸುವುದು ಯುಕ್ತ. ಲಕಾರ ಳಕಾರವಾಗಿ ‘ವೇಳೂರ’, ಬಳಿಕ ವರ್ಣಪಲ್ಲಟದಿಂದ ‘ವೇರೂಳ’. ವಾರಾಣಸಿ ಬನಾರಸ್ ಆದದ್ದೂ ಇಂಥದೇ ಪಲ್ಲಟದಿಂದ.

ಇಂಥ ಜೋಡಿ ಕರ್ನಾಟಕದಲ್ಲೂ ಇದೆ. ಬೇಲೂರು ಹೊಯ್ಸಳರ ಸಂಸ್ಕೃತ ಬರವಣಿಗೆಯಲ್ಲಿ ‘ವೇಲಾಪುರ’. ಕನ್ನಡದಲ್ಲಿ ಮೊದಲ ವಕಾರ ಬಕಾರವಾಗುತ್ತದೆ, ಮರಾಠಿಯಲ್ಲಿ ಉಳಿಯುತ್ತದೆ. ಆ ಲೆಕ್ಕದಲ್ಲಿ ಬೇಲೂರು ಮತ್ತು ವೇರೂಳ ಒಂದೇ ಬಗೆಯ ಹೆಸರುಗಳಾಗಬಹುದು. ಆದರೂ ಒಂದು ತೊಡಕು ಉಳಿಯುತ್ತದೆ: ಜನರ ಬಾಯಲ್ಲಿ ವೇಲೂರ ಇದ್ದಿದ್ದರೆ ಸಂಸ್ಕೃತದ ಲಿಪಿಕಾರ ವಕಾರವನ್ನು ಏಕೆ ಬಿಟ್ಟ? ಇದಕ್ಕೆ ಶಾಸನದ ಉತ್ತರ ಬೇಕು. ಅಲ್ಲಿಯವರೆಗೆ ಲಾತೂರಿನ ಊರು ಸಿದ್ಧ, ವೇರೂಳಿನದು ಸಂಭಾವ್ಯ ಎನ್ನಬೇಕು.

ಕೇಳಿದೊಡನೆ ಕನ್ನಡವೆನಿಸುವ ಇನ್ನೊಂದು ಹೆಸರು ಇದೇ ಜಿಲ್ಲೆಯ ‘ಕನ್ನಡ’ ತಾಲ್ಲೂಕು. ಅದು ಭಾಷೆಯ ಹೆಸರೇ ಇರಬಹುದು. ಕೃಷ್ಣ ಎಂಬುದರ ದೇಶೀ ರೂಪವಾದ ‘ಕನ್ನರ’ದಿಂದಲೂ ಬಂದಿರಬಹುದು, ರಾಷ್ಟ್ರಕೂಟರಲ್ಲೂ ದೇವಗಿರಿಯ ಸೇವುಣರಲ್ಲೂ ಕನ್ನರರಿದ್ದರು. ಹಳೆಯ ದಾಖಲೆ ಮುಂದಿಟ್ಟುಕೊಳ್ಳದೆ ಒಂದನ್ನು ಆರಿಸುವುದು ಸಂಶೋಧನೆಯಾಗದು.

ಸುಮೇರಿನಿಂದ ಕಾಕಸಸ್‌ವರೆಗೆ

ಈಗ ದೂರದ ಹೋಲಿಕೆಗಳನ್ನು ಇದೇ ಒರೆಗೆ ಹಚ್ಚಬಹುದು. ಮೆಸೊಪೊಟೇಮಿಯದ ‘ಊರ್’ ನಗರ ಕನ್ನಡದ ಊರೇ ಎಂಬ ಮಾತು ಜನಪ್ರಿಯ. ಆದರೆ ಸುಮೇರಿಯನ್ನರು ಆ ನಗರವನ್ನು ಕರೆದದ್ದು ‘ಉರಿಮ್’ ಎಂದು. ಕಾಕಸಸ್ಸಿಗೆ ತಾಗಿದ ಪ್ರಾಚೀನ ‘ಉರಾರ್ತು’ ರಾಜ್ಯದ ಹೆಸರು ಅಸ್ಸೀರಿಯನ್ನರು ಇಟ್ಟದ್ದು. ಅಲ್ಲಿಯವರು ತಮ್ಮ ನಾಡನ್ನು ‘ಬಿಯಾಇನಿಲಿ’ ಎನ್ನುತ್ತಿದ್ದರು. ಇವೆರಡೂ ಇಲ್ಲಿಗೆ ಬಿದ್ದುಹೋಗುತ್ತವೆ.

ಉಳಿಯುವುದು ಸುಮೇರಿಯನ್ನಿನ ‘ಉರು’ (ಇದನ್ನು ‘ಇರಿ’ ಎಂದೂ ಓದುತ್ತಾರೆ) ಮತ್ತು ಬಾಸ್ಕ್ ಭಾಷೆಯ ‘ಹಿರಿ’, ‘ಉರಿ’. ಎರಡರ ಅರ್ಥವೂ ನಗರ. ಹೋಲಿಕೆ ನಿಜ, ಸಂಬಂಧ ಸಿದ್ಧವಾಗಿಲ್ಲ. ಒಂದು ಸ್ವರ, ಒಂದು ರಕಾರ ಇರುವಷ್ಟು ಚಿಕ್ಕ ಪದಗಳು ಜಗತ್ತಿನ ಸಾವಿರಾರು ಭಾಷೆಗಳಲ್ಲಿ ಆಕಸ್ಮಿಕವಾಗಿಯೇ ಹೊಂದಿಕೊಳ್ಳುತ್ತವೆ. ಕಾಕಸಸ್ಸಿನ ಭಾಷೆಗಳು ಕಾರ್ತ್ವೇಲಿ, ವಾಯವ್ಯ, ಈಶಾನ್ಯ ಎಂದು ಮೂರು ಪರಿವಾರಗಳಾಗಿ ಒಡೆದಿವೆ; ಅವು ಪರಸ್ಪರ ಸಂಬಂಧಿಗಳೆಂಬುದೇ ಒಪ್ಪಿತವಾಗಿಲ್ಲ. ಕಾರ್ತ್ವೇಲಿ ಪರಿವಾರದ ಜಾರ್ಜಿಯನ್ನಿನಲ್ಲಿ ಹಳ್ಳಿಗೆ ‘ಸೊಫೆಲಿ’, ನಗರಕ್ಕೆ ‘ಕಲಾಕಿ’ ಎನ್ನುತ್ತಾರೆ. ಊರಿನ ಸುಳಿವೂ ಇಲ್ಲ.

ಮಹಾಪರಿವಾರಗಳ ಸಿದ್ಧಾಂತಗಳೂ ನೆರವಿಗೆ ಬರುವುದಿಲ್ಲ. ಇಲಿಚ್-ಸ್ವಿತಿಚ್ ಅವರ ನಾಸ್ಟ್ರಾಟಿಕ್ ಕಲ್ಪನೆ ದ್ರಾವಿಡವನ್ನು ಕಾರ್ತ್ವೇಲಿಯ ಜೊತೆ ಸೇರಿಸುತ್ತದೆ. ಸ್ತಾರೊಸ್ತಿನ್ ಮತ್ತು ಅವರ ಅನುಯಾಯಿಗಳ ಡೆನೆ-ಕಾಕೇಸಿಯನ್ ಕಲ್ಪನೆ ಉತ್ತರ ಕಾಕಸಸ್ ಭಾಷೆಗಳನ್ನು ಬಾಸ್ಕ್ ಜೊತೆ ಸೇರಿಸುತ್ತದೆ, ದ್ರಾವಿಡವನ್ನು ಹೊರಗಿಡುತ್ತದೆ. ಬಾಸ್ಕ್‌ನ ‘ಹಿರಿ’ ಮತ್ತು ನಮ್ಮ ‘ಊರು’ ಒಡಹುಟ್ಟು ಎನ್ನುವವರು ಈ ಎರಡೂ ಗುಂಪುಗಳ ಗೆರೆ ದಾಟಬೇಕು. ಡೇವಿಡ್ ಮ್ಯಾಕ್‌ಆಲ್ಪಿನ್ 1981ರಲ್ಲಿ ಮಂಡಿಸಿದ ಏಲಮ್–ದ್ರಾವಿಡ (ಏಲಮ್ ಪ್ರಾಚೀನ ಇರಾನಿನ ಭಾಷೆ) ಸಂಬಂಧ ಇವಕ್ಕಿಂತ ಶಿಸ್ತಿನದು, ಏಕೆಂದರೆ ಅದು ವ್ಯಾಕರಣದ ಪ್ರತ್ಯಯಗಳನ್ನೂ ಹೋಲಿಸುತ್ತದೆ. ಆದರೂ ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಇನ್ನೂ ಒಪ್ಪಿಲ್ಲ.

ಮುಂದಿನ ಕೆಲಸ

ಸಂಶೋಧಕ ಶಂ.ಬಾ. ಜೋಶಿಯವರು 1930ರ ದಶಕದಲ್ಲೇ ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಕುರುಹು ಹುಡುಕಿದರು. ಭಾಷಾವಿಜ್ಞಾನಿ ಫ್ರಾಂಕ್ಲಿನ್ ಸೌತ್‌ವರ್ತ್ ದ್ರಾವಿಡದ ‘ಪಳ್ಳಿ’ ಮರಾಠಿಯಲ್ಲಿ ‘ವಲಿ’, ‘ಓಲಿ’ ಆದುದನ್ನು ಬೋರಿವಲಿ, ಡೋಂಬಿವಲಿಗಳಂಥ ಹೆಸರುಗಳನ್ನು ರಾಶಿಯಾಗಿ ಇಟ್ಟುಕೊಂಡು ಪರಿಶೀಲಿಸಿದರು. ಇಲ್ಲಿ ಪಕಾರ ವಕಾರವಾಗುವುದು ನಿಯಮಬದ್ಧ. ಅದೇ ಪಕಾರ ಕನ್ನಡದಲ್ಲಿ ಹಕಾರವಾಗಿ ‘ಹಳ್ಳಿ’ಯಾಯಿತು. ಬೋರಿವಲಿಯೂ ನಮ್ಮ ಹಳ್ಳಿಯೂ ಕಿವಿಗೆ ಹೋಲುವುದಿಲ್ಲ, ಆದರೂ ಸಂಬಂಧಿಗಳು. ಸುಮೇರಿನ ಉರು ಮತ್ತು ನಮ್ಮ ಊರು ಕಿವಿಗೆ ಒಂದೇ, ಆದರೂ ಸಂಬಂಧ ತೋರಿಸಲು ನಿಯಮವಿಲ್ಲ. ಪದಮೂಲದ ಚರ್ಚೆಯಲ್ಲಿ ಕಿವಿಯನ್ನು ಕೊನೆಯ ಸಾಕ್ಷಿಯಾಗಿಸಬಾರದು ಎಂಬುದಕ್ಕೆ ಈ ಎರಡು ಉದಾಹರಣೆಗಳೇ ಸಾಕು.

ನಾಸಿಕ ಮತ್ತು ಸಂಭಾಜಿನಗರ ಜಿಲ್ಲೆಗಳ ‘ಊರ’, ‘ಓರ’, ‘ಪೂರ’ ಅಂತ್ಯದ ಹೆಸರುಗಳನ್ನು ಒಂದೊಂದಾಗಿ ತೆಗೆದುಕೊಂಡು, ರಾಷ್ಟ್ರಕೂಟ ಮತ್ತು ಸೇವುಣ ಶಾಸನಗಳಲ್ಲಿ, ಮಹಾನುಭಾವ ಹಸ್ತಪ್ರತಿಗಳಲ್ಲಿ, ಕಂದಾಯ ದಾಖಲೆಗಳಲ್ಲಿ ಅವುಗಳ ರೂಪಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಬೇಕಾಗಿದೆ. ಅದಾದರೆ ಚಾಂದೋರದ ಗುಂಪು, ಲಾತೂರಿನ ಗುಂಪು ಬೇರ್ಪಡುತ್ತವೆ; ವೇರೂಳ ಯಾವುದಕ್ಕೆ ಸೇರಿದ್ದೆಂದು ಅನುಮಾನವಿಲ್ಲದೆ ಹೇಳಲು ಆಗುತ್ತದೆ. ಗೋದಾವರಿಯ ದಂಡೆಯಲ್ಲಿ ಕನ್ನಡ ಎಷ್ಟು ಆಳಕ್ಕೆ ಇಳಿದಿತ್ತೆಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಪಟ್ಟಿಯಿಂದ.