ಗೆಟ್ಟೋದೊಳಗಿನ ಅಮಲ್: ಡಾಕ್ಟರ್ ಕೊರ್ಚಾಕ್ ಆಡಿಸಿದ ಟಾಗೋರರ ನಾಟಕ

ಯುದ್ಧದ ಇತಿಹಾಸ ಅಂದ್ರೆ ನಾವು ಸಾಮಾನ್ಯವಾಗಿ ಸೈನ್ಯ, ಗಡಿ, ಒಪ್ಪಂದ ಇಷ್ಟನ್ನೇ ಮಾತಾಡ್ತೀವಿ. ಇವತ್ತಿನ ಪ್ರಶ್ನೆ ಬೇರೆ. ಸುತ್ತ ಯುದ್ಧ ನಡೀತಿದೆ, ಔಷಧಿ ಇಲ್ಲ, ಹೊಟ್ಟೆಗಿಲ್ಲ, ಮಗು ಕಾಯಿಲೆ ಬಿದ್ದಿದೆ. ಅದರ ದೇಹಕ್ಕೆ ಹೆಚ್ಚೇನೂ ಮಾಡಲಾಗದ ಡಾಕ್ಟರು ಅದರ ಮನಸ್ಸಿಗೆ ಏನು ಮಾಡಬಹುದು? 1942ರಲ್ಲಿ ವಾರ್ಸಾದ ಒಬ್ಬ ಮಕ್ಕಳ ಡಾಕ್ಟರು ಈ ಪ್ರಶ್ನೆ ಎದುರಿಸಿದರು. ಆಗ ಅವರು ಕೈಗೆತ್ತಿಕೊಂಡದ್ದು ನಮ್ಮ ರವೀಂದ್ರನಾಥ ಟಾಗೋರರ ನಾಟಕವನ್ನ.

ಅವರ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಲೇಖಕರಾಗಿ ಇಟ್ಟುಕೊಂಡ ಹೆಸರು ಯಾನುಷ್ ಕೊರ್ಚಾಕ್. ವಾರ್ಸಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ, 1912ರಲ್ಲಿ ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಜೊತೆ ಯಹೂದಿ ಅನಾಥ ಮಕ್ಕಳ ಮನೆಯೊಂದನ್ನ ಶುರು ಮಾಡಿದರು. ಅಲ್ಲಿ ಮಕ್ಕಳದ್ದೇ ಕೋರ್ಟು ಇತ್ತು. ನ್ಯಾಯಾಧೀಶರೂ ಮಕ್ಕಳೇ. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಕೊರ್ಚಾಕ್ ಮೇಲೂ. ಅದರ ಕಾನೂನು ಪುಸ್ತಕ ನೋಡಿದ್ರೆ ನಮ್ಮವರಿಗೆ ಎಚ್‌ಟಿಟಿಪಿ ಸ್ಟೇಟಸ್ ಕೋಡ್ ನೆನಪಾಗುತ್ತೆ. ಮೊದಲ 99 ಕಲಮುಗಳೆಲ್ಲ ಒಂದಲ್ಲ ಒಂದು ಬಗೆಯ ಕ್ಷಮೆ. ಆಮೇಲೆ 100, 200, 300 ಹೀಗೆ ಗಂಭೀರವಾಗ್ತಾ ಹೋಗಿ, 1000ಕ್ಕೆ ಮನೆಯಿಂದ ಹೊರಗೆ. ಪ್ರತಿ ವಾರ ಮಕ್ಕಳ ತೂಕ ನೋಡಿ ಬರೆದಿಡುವ ಅಭ್ಯಾಸವೂ ಇತ್ತು.

ಮೊದಲ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿದ್ದಾಗ ಬರೆಯತೊಡಗಿದ ಪುಸ್ತಕದಲ್ಲಿ ಕೊರ್ಚಾಕ್ ಮಗುವಿನ ಮೂರು ಹಕ್ಕುಗಳನ್ನ ಹೇಳ್ತಾರೆ. ಇವತ್ತಿನ ದಿನದ ಮೇಲೆ ಹಕ್ಕು, ತಾನು ತಾನಾಗಿಯೇ ಇರುವ ಹಕ್ಕು. ಇನ್ನೊಂದು ಓದಿದಾಗ ಬೆಚ್ಚಿಬೀಳಿಸುತ್ತೆ: ಸಾವಿನ ಮೇಲೆ ಹಕ್ಕು. ಮಗುವಿಗೆ ಏನಾದೀತೋ ಅನ್ನುವ ಭಯದಲ್ಲಿ ಅದರ ಬದುಕನ್ನೇ ಕಿತ್ತುಕೊಳ್ಳಬೇಡಿ ಅಂತ ಅದರ ಅರ್ಥ.

1940ರ ನವೆಂಬರ್‌ನಲ್ಲಿ ನಾಜಿಗಳು ವಾರ್ಸಾದ ಗೆಟ್ಟೋದ ಬಾಗಿಲು ಮುಚ್ಚಿದರು. ಸುಮಾರು 3.4 ಚದರ ಕಿಲೋಮೀಟರ್ ಜಾಗದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ. 1942ರ ಮಧ್ಯದ ಹೊತ್ತಿಗೆ ಹಸಿವು ಮತ್ತು ರೋಗದಿಂದಲೇ ಸತ್ತವರು ಸುಮಾರು 83,000. ಬೀದಿಯಲ್ಲಿ ಹೆಣಗಳ ಮೇಲೆ ಪೇಪರ್ ಹೊದಿಸಿರುತ್ತಿದ್ದರು. ಮಕ್ಕಳು ಅದನ್ನ ನೋಡಿಕೊಂಡೇ ಓಡಾಡಬೇಕಿತ್ತು. ಕೊರ್ಚಾಕ್ ತಮ್ಮ 200 ಮಕ್ಕಳ ಜೊತೆಗೆ ಜಿಯೆಲ್ನಾ ಬೀದಿಯ ಇನ್ನೊಂದು ಮನೆಯ ಕೆಲಸಕ್ಕೂ ಕೈ ಹಾಕಿದರು. ಅಲ್ಲಿದ್ದ ಸಾವಿರದಷ್ಟು ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಯ್ತಿದ್ದರು.

ಆ ದಿನಗಳಲ್ಲಿ ಅವರು ಕೇಳಿದ ಒಂದು ಸಹಾಯವನ್ನ ಜೊತೆಗಿದ್ದವರು ನೆನಪಿಟ್ಟಿದ್ದಾರೆ. ಬೀದಿಯಲ್ಲಿ ಬಿದ್ದು ಸಾಯುವ, ಉಳಿಸೋಕೆ ಆಗದ ಮಕ್ಕಳಿಗೆ ಒಂದು ಜಾಗ ಬೇಕು. ಖಾಲಿ ಅಂಗಡಿ ಸಾಕು, ಮಲಗಿಸೋಕೆ ಅದರ ಕಪಾಟಿನ ಹಲಗೆಗಳೇ ಸಾಕು, ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಒಬ್ಬರಿದ್ದರಾಯ್ತು. ಮಕ್ಕಳ ಹಾಸ್ಪಿಸ್ ಅನ್ನುವ ಮಾತು ಚಾಲ್ತಿಗೆ ಬರೋಕೆ ಇನ್ನೂ ಎಷ್ಟೋ ವರ್ಷ ಇತ್ತು.

ಇನ್ನು ನಾಟಕ. ಟಾಗೋರರು ‘ಡಾಕ್‌ಘರ್’ ಬರೆದದ್ದು 1911ರಲ್ಲಿ. ಅದಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಹೆಂಡತಿ, ಮಗಳು ರೇಣುಕಾ, ತಂದೆ, ಮಗ ಶಮೀಂದ್ರ ನಾಲ್ವರನ್ನೂ ಕಳಕೊಂಡಿದ್ದರು. ಕ್ಷಯ ಹಿಡಿದ ರೇಣುಕಾಳನ್ನ ಆಲ್ಮೋರಾಕ್ಕೆ ಕರಕೊಂಡು ಹೋಗಿದ್ದಾಗಲೇ ‘ಶಿಶು’ ಸಂಕಲನದ ಪದ್ಯಗಳನ್ನ ಬರೆದದ್ದು. ಕಾಯಿಲೆಯ ಮಗುವಿನ ಹಾಸಿಗೆ ಪಕ್ಕ ಕೂತು ಗೊತ್ತಿದ್ದ ಮನುಷ್ಯ ಅವರು.

ನಾಟಕದಲ್ಲಿ ಅಮಲ್ ಅನ್ನೋ ಹುಡುಗನಿಗೆ ಕಾಯಿಲೆ. ಹೊರಗೆ ಬಿಡಬೇಡಿ, ಗಾಳಿ ಬಿಸಿಲು ತಾಗಬಾರದು ಅಂತ ವೈದ್ಯರ ಕಟ್ಟಪ್ಪಣೆ. ಅವನು ಕಿಟಕಿ ಪಕ್ಕ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸ್ತಾನೆ. ಮೊಸರು ಮಾರುವವನನ್ನ ಕಂಡರೆ ತಾನೂ ಹಾಗೇ ಊರೂರು ತಿರುಗಿ ಮೊಸರು ಮಾರಬೇಕು ಅನ್ನೋ ಆಸೆ. ಎದುರಿಗೆ ಅಂಚೆ ಕಚೇರಿ ಬಂದಿದೆ, ರಾಜನಿಂದ ತನಗೊಂದು ಕಾಗದ ಬರುತ್ತೆ ಅಂತ ಕಾಯ್ತಾನೆ. ಕೊನೆಗೆ ರಾಜವೈದ್ಯ ಬಂದು ಮಾಡುವ ಮೊದಲ ಕೆಲಸ ಬಾಗಿಲು, ಕಿಟಕಿ ಎಲ್ಲ ತೆರೆಸೋದು. ಅಮಲ್ ನಿದ್ದೆಗೆ ಜಾರ್ತಾನೆ.

ಈಗ ಇದನ್ನ ಗೆಟ್ಟೋದ ಮಕ್ಕಳ ಕಣ್ಣಲ್ಲಿ ನೋಡಿ. ಸುತ್ತ ಗೋಡೆ, ಹೊರಗೆ ಹೋಗುವಂತಿಲ್ಲ. ಗೆಟ್ಟೋದೊಳಗೇ ಇದ್ದ ಚರ್ಚಿನ ತೋಟಕ್ಕೆ ಶನಿವಾರ ಬೆಳಿಗ್ಗೆ ಬರೋಕೆ ಬಿಡಿ, ಗಿಡ ಹಾಳು ಮಾಡಲ್ಲ ಅಂತ ಇದೇ ಮಕ್ಕಳು ಪಾದ್ರಿಗೆ ಕಾಗದ ಬರೆದಿದ್ದರು. ಅಮಲ್ ಯಾರು ಅಂತ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

1942ರ ಜುಲೈ 18, ಶನಿವಾರ ಪ್ರದರ್ಶನ. ಆಡಿಸಿದ್ದು ಎಸ್ಟರ್ಕಾ ವಿನೋಗ್ರೋನ್ ಅನ್ನುವ ಯುವತಿ. ಆ ವಾರದಲ್ಲೇ ಕೆಟ್ಟ ಊಟದಿಂದ ಮನೆಗೆ ಮನೆಯೇ ವಾಂತಿ ಭೇದಿಯಲ್ಲಿ ಬಿದ್ದಿತ್ತು, ಆದರೂ ನಾಟಕ ನಿಲ್ಲಲಿಲ್ಲ. ಇದನ್ನೇ ಯಾಕೆ ಆರಿಸಿದಿರಿ ಅಂತ ಕೇಳಿದವರಿಗೆ, ಸಾವನ್ನ ಸಮಾಧಾನದಿಂದ ಎದುರುಗೊಳ್ಳೋದನ್ನ ಮಕ್ಕಳು ಕಲೀಲಿ ಅನ್ನುವ ಅರ್ಥದಲ್ಲಿ ಕೊರ್ಚಾಕ್ ಉತ್ತರಿಸಿದರಂತೆ.

ಇದು ಕ್ರೌರ್ಯ ಅಲ್ವಾ ಅಂತ ನೀವು ಕೇಳಬಹುದು. ಸಾಯೋ ಮಕ್ಕಳ ಕೈಲಿ ಸಾವಿನ ನಾಟಕ? ಇದಕ್ಕೆ ಉತ್ತರ ಬಹಳ ವರ್ಷದ ನಂತರ ಬೇರೆಲ್ಲಿಂದಲೋ ಸಿಗುತ್ತೆ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅನ್ನುವ ಮಾನವಶಾಸ್ತ್ರಜ್ಞೆ ಅಮೆರಿಕದಲ್ಲಿ ಲ್ಯುಕೇಮಿಯಾ ಇದ್ದ ಮಕ್ಕಳ ಜೊತೆ ಕಾಲ ಕಳೆದು 1978ರಲ್ಲಿ ಪುಸ್ತಕ ಬರೆದರು. ಯಾರೂ ಹೇಳದಿದ್ರೂ ಆ ಮಕ್ಕಳಿಗೆ ತಾವು ಸಾಯ್ತೀವಿ ಅಂತ ಗೊತ್ತಿತ್ತು. ಅಪ್ಪ ಅಮ್ಮನಿಗೆ ತಡಕೊಳ್ಳೋಕೆ ಆಗಲ್ಲ ಅಂತ ಗೊತ್ತಿಲ್ಲದವರ ಹಾಗೆ ಇರ್ತಿದ್ದರು. ಅಂದ್ರೆ ನಾವು ಸುಮ್ಮನಿದ್ದಾಗ ಮಗುವಿನ ಭಯ ಕಮ್ಮಿಯಾಗಲ್ಲ, ಅದು ಒಂಟಿಯಾಗುತ್ತೆ ಅಷ್ಟೆ. ಕೊರ್ಚಾಕ್ ಮಕ್ಕಳನ್ನ ಒಂಟಿ ಮಾಡಲಿಲ್ಲ. ಇದನ್ನ ಸಾವಿಗೆ ತಯಾರಿ ಅಂತ ಕರೆಯೋದು ನನಗೆ ಪೂರ್ತಿ ಸರಿ ಅನ್ಸಲ್ಲ. ತಿಂಗಳುಗಟ್ಟಲೆ ಕಾಯೋದೇ ಕೆಲಸವಾಗಿದ್ದ ಮಕ್ಕಳಿಗೆ ಮಾತು ಕಂಠಪಾಠ ಮಾಡೋದು, ವೇಷ ಹಾಕೋದು, ಜನರ ಮುಂದೆ ನಿಲ್ಲೋದು ಇವೂ ಸಿಕ್ಕವಲ್ಲ?

ನಾಟಕ ಆಗಿ ನಾಲ್ಕೇ ದಿನಕ್ಕೆ, ಜುಲೈ 22ರಂದು, ಗೆಟ್ಟೋದಿಂದ ರೈಲುಗಳು ಹೊರಟವು. ಆಗಸ್ಟ್ ಮೊದಲ ವಾರದಲ್ಲಿ ಈ ಮನೆಯವರ ಸರದಿ. ಕೊರ್ಚಾಕ್, ಸ್ಟೆಫಾನಿಯಾ ಇಬ್ಬರೂ ಮಕ್ಕಳ ಜೊತೆಗೇ ಟ್ರೆಬ್ಲಿಂಕಾಗೆ ಹೋದರು. ವಾಟ್ಸಾಪಿನಲ್ಲಿ ಓಡಾಡೋದು ಈ ಕೊನೆಯ ನಡಿಗೆಯ ಕಥೆ ಮಾತ್ರ.

ಅವರ ದಿನಚರಿ ಉಳಿಯಿತು, 1958ರಲ್ಲಿ ಅಚ್ಚಾಯಿತು. ಕೊನೆಯ ಪುಟ ಆಗಸ್ಟ್ 4ರದ್ದು. ಅವರು ಕಿಟಕಿಯಲ್ಲಿ ಹೂಗಿಡಗಳಿಗೆ ನೀರು ಹಾಕ್ತಿದ್ದಾರೆ. ಹೊರಗೆ ಬಂದೂಕು ಹಿಡಿದ ಜರ್ಮನ್ ಕಾವಲುಗಾರ ನಿಂತು ನೋಡ್ತಿದ್ದಾನೆ. ಯುದ್ಧಕ್ಕೆ ಮುಂಚೆ ಇವನು ಯಾವುದೋ ಹಳ್ಳಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದನೋ ಏನೋ ಅಂತ ಕೊರ್ಚಾಕ್ ಯೋಚಿಸ್ತಾರೆ.