ಕಾರ್ಮಿಕರ ಸುರಕ್ಷತಾ ತರಬೇತಿ: ಹಟ್ಟಿ ಗಣಿಯಿಂದ ಮಾನ್ವಿಯ ಅಕ್ಕಿ ಗಿರಣಿಯವರೆಗೆ

ರಾಯಚೂರು: ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಸೀಮೆಗೆ ಭತ್ತ ಬಂದಿತು. ಭತ್ತದ ಬೆನ್ನಿಗೇ ಅಕ್ಕಿ ಗಿರಣಿಗಳು ಬಂದವು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೂ ಮುಟ್ಟಿತು. ರಾಯಚೂರು ನಗರದಲ್ಲಿ ಹತ್ತಿಯ ವ್ಯಾಪಾರ ಹಾಗೂ ಜಿನ್ನಿಂಗ್ ಕಾರ್ಖಾನೆಗಳು ಹಳೆಯವು. ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ, ದೇವಸೂಗೂರು ಕೈಗಾರಿಕಾ ಪ್ರದೇಶದಲ್ಲಿ ಔಷಧ ತಯಾರಿಕೆ, ಯರಮರಸ್‌ನಲ್ಲಿ ಮತ್ತೊಂದು ವಿದ್ಯುತ್ ಸ್ಥಾವರ. ಒಕ್ಕಲುತನದ ಜಿಲ್ಲೆಯೆಂದೇ ಹೆಸರಾದ ರಾಯಚೂರಿನಲ್ಲಿ ಯಂತ್ರದ ಮುಂದೆ ನಿಂತು ದುಡಿಯುವವರ ಸಂಖ್ಯೆ ಸಣ್ಣದಲ್ಲ.

ನೀರಮಾನ್ವಿಯಂತಹ ಊರುಗಳ ಕೂಲಿಕಾರನಿಗೆ ಹೊಲದ ಕೆಲಸ ಹುಟ್ಟಿನಿಂದಲೇ ಗೊತ್ತು. ಎತ್ತು ಯಾವಾಗ ಹಾಯುತ್ತದೆ, ಹಾವು ಎಲ್ಲಿರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಿರುಗುವ ಪಟ್ಟಾ, ಒತ್ತಡ ತುಂಬಿದ ಬಾಯ್ಲರ್, ವಾಸನೆಯೇ ಇಲ್ಲದ ಅನಿಲ ಇವುಗಳ ಸ್ವಭಾವವನ್ನು ಹೇಳಿಕೊಟ್ಟೇ ತಿಳಿಯಬೇಕು. ಸುರಕ್ಷತಾ ತರಬೇತಿ ಬೇಕಾಗುವುದು ಇಲ್ಲಿಯೇ.

ಗಣಿ ಕಲಿಸಿದ ಪಾಠ

ಜಿಲ್ಲೆಯಲ್ಲಿ ತರಬೇತಿಗೆ ಗಟ್ಟಿಯಾದ ಕಾನೂನಿನ ಚೌಕಟ್ಟು ಮೊದಲು ದೊರೆತದ್ದು ಗಣಿ ಕಾರ್ಮಿಕರಿಗೆ. ನಿಜಾಮರ ಆಳ್ವಿಕೆಯ ಕೊನೆಯಲ್ಲಿ, 1947ರಲ್ಲಿ, ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಆರಂಭವಾದ ಸಂಸ್ಥೆಯೇ ಇಂದು ರಾಜ್ಯ ಸರ್ಕಾರದ ಒಡೆತನದಲ್ಲಿರುವ ಹಟ್ಟಿ ಚಿನ್ನದ ಗಣಿ. 1952ರ ಗಣಿ ಕಾಯ್ದೆಯ ಅಡಿಯಲ್ಲಿ 1966ರಲ್ಲಿ ಬಂದ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಹೊಸಬರನ್ನು ತರಬೇತಿಯಿಲ್ಲದೆ ಗಣಿ ಕೆಲಸಕ್ಕೆ ಹಚ್ಚುವಂತಿಲ್ಲ. ಮೇಲ್ಮೈಯಲ್ಲಿ ದುಡಿಯುತ್ತಿದ್ದವನನ್ನು ಸುರಂಗಕ್ಕೆ ಇಳಿಸಬೇಕಾದರೂ ಮತ್ತೆ ಕಲಿಸಬೇಕು. ಹಳಬರಿಗೂ ಪುನರ್ಮನನ ತರಬೇತಿ ಉಂಟು. ಸ್ಫೋಟದ ನಂತರ ಮೇಲ್ಛಾವಣಿಯ ಸಡಿಲ ಬಂಡೆಯನ್ನು ಹಾರೆಯಿಂದ ತಟ್ಟಿ, ಸದ್ದಿನ ವ್ಯತ್ಯಾಸ ಗುರುತಿಸಿ ಕೆಡವುವುದು, ಸಿಡಿಯದೆ ಉಳಿದ ಸ್ಫೋಟಕದ ಕುಳಿಯನ್ನು ಮುಟ್ಟದೆ ಮೇಲಿನವರಿಗೆ ತಿಳಿಸುವುದು, ಬಂಡೆ ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸುವುದು ಅಲ್ಲಿನ ಮೊದಲ ಪಾಠಗಳು.

ಈ ಕೊನೆಯ ಪಾಠದ ಹಿಂದೆ ರಾಜ್ಯದ ಕಹಿ ಚರಿತ್ರೆಯಿದೆ. ಬಂಡೆಯ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗೊಳಿಸುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ. ಮೈಸೂರು ಸಂಸ್ಥಾನವು 1940ರಲ್ಲಿ ಈ ರೋಗಕ್ಕೆ ಪರಿಹಾರ ನೀಡುವ ಪ್ರತ್ಯೇಕ ನಿಯಮವನ್ನೇ ರೂಪಿಸಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ರೋಗ ಮಾತ್ರ ಕಲ್ಲು ಕೊರೆಯುವ, ಕಲ್ಲು ಪುಡಿ ಮಾಡುವ ಎಲ್ಲೆಡೆ ಉಳಿದಿದೆ. ಅದಕ್ಕೆ ಗುಣಪಡಿಸುವ ಔಷಧವಿಲ್ಲ. ಸಾಮಾನ್ಯವಾಗಿ ಹತ್ತಾರು ವರ್ಷಗಳ ನಂತರ ಅದು ಕಾಣಿಸಿಕೊಳ್ಳುವುದರಿಂದ, ಕೆಮ್ಮು ಬರುವ ಹೊತ್ತಿಗೆ ಕಾರ್ಮಿಕ ಕೆಲಸ ಬಿಟ್ಟಿರಲೂಬಹುದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕೆಂಬ ನಂಬಿಕೆ ಕ್ವಾರಿಗಳಲ್ಲಿ ವ್ಯಾಪಕವಾಗಿದೆ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಟವೆಲ್ ಅವನ್ನು ತಡೆಯಲಾರದು.

ಕಾನೂನು ಏನು ಹೇಳುತ್ತದೆ?

ಕಾರ್ಖಾನೆಗಳಿಗೆ ದಶಕಗಳ ಕಾಲ ಆಧಾರವಾಗಿದ್ದುದು 1948ರ ಕಾರ್ಖಾನೆ ಕಾಯ್ದೆ. ಚಲಿಸುವ ಯಂತ್ರದ ಬಳಿ ಎಣ್ಣೆ ಹಾಕುವ, ಪಟ್ಟಾ ಏರಿಸುವ ಕೆಲಸವನ್ನು ವಿಶೇಷ ತರಬೇತಿ ಪಡೆದ, ಮೈಗೆ ಬಿಗಿಯಾದ ಉಡುಪು ತೊಟ್ಟ ವಯಸ್ಕ ಪುರುಷನೇ ಮಾಡಬೇಕೆಂದೂ, ಅವನ ಹೆಸರು ರಿಜಿಸ್ಟರಿನಲ್ಲಿ ಇರಬೇಕೆಂದೂ ಅದು ಮೊದಲಿನಿಂದಲೇ ಹೇಳಿತ್ತು. ಆದರೆ ತಿಳಿದುಕೊಳ್ಳುವುದು ಕಾರ್ಮಿಕನ ಹಕ್ಕು ಎಂಬ ಮಾತು ಕಾಯ್ದೆಯೊಳಗೆ ಬರಲು ಭೋಪಾಲ್ ದುರಂತವೇ ನಡೆಯಬೇಕಾಯಿತು. 1984ರ ಡಿಸೆಂಬರ್ 2ರ ನಡುರಾತ್ರಿ ಸೋರಿದ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, 1987ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಆರೋಗ್ಯ ಮತ್ತು ಸುರಕ್ಷತೆಯ ಮಾಹಿತಿ ಕೇಳುವ, ಕಾರ್ಖಾನೆಯಲ್ಲಿಯೇ ತರಬೇತಿ ಪಡೆಯುವ ಅಥವಾ ಮಾನ್ಯತೆ ಪಡೆದ ಕೇಂದ್ರಕ್ಕೆ ಮಾಲೀಕರಿಂದ ಕಳುಹಿಸಲ್ಪಡುವ, ಲೋಪವಿದ್ದರೆ ಇನ್‌ಸ್ಪೆಕ್ಟರ್‌ಗೆ ನೇರವಾಗಿ ತಿಳಿಸುವ ಹಕ್ಕು ಕಾರ್ಮಿಕನಿಗೆ ದೊರೆಯಿತು.

ಈಗ ಆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಗಣಿ ಕಾಯ್ದೆಯೂ ಇದರಲ್ಲಿ ವಿಲೀನವಾಗಿದೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಲ್ಲದಷ್ಟರ ಮಟ್ಟಿಗೆ ಉಳಿಯುತ್ತವೆ. ಅಗತ್ಯ ಮಾಹಿತಿ, ಸೂಚನೆ, ತರಬೇತಿ ಹಾಗೂ ಮೇಲ್ವಿಚಾರಣೆ ಒದಗಿಸುವುದು ಮಾಲೀಕರ ಕರ್ತವ್ಯ, ಸುರಕ್ಷತೆಯ ಹೆಸರಿನಲ್ಲಿ ಕಾರ್ಮಿಕನಿಂದ ಹಣ ವಸೂಲು ಮಾಡುವಂತಿಲ್ಲ. ನಿಗದಿತ ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ತಪಾಸಣೆ ನಡೆಸಬೇಕು.

ಮಾನ್ವಿ ಭಾಗದ ಸಣ್ಣ ಗಿರಣಿಗಳ ದೃಷ್ಟಿಯಿಂದ ಗಮನಿಸಬೇಕಾದ ಬದಲಾವಣೆ ಬೇರೆಯೇ ಇದೆ. ಮೊದಲು ವಿದ್ಯುತ್ ಬಳಸುವ ಘಟಕದಲ್ಲಿ 10 ಜನರಿದ್ದರೆ ಅದು ‘ಕಾರ್ಖಾನೆ’. ಈಗ 20 ಜನರಿರಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾಲೀಕರ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆಯಾದರೂ, ಕಾರ್ಖಾನೆಗೆಂದೇ ಇರುವ ವಿಶೇಷ ನಿಬಂಧನೆಗಳು ಹದಿನೈದು ಜನರ ಗಿರಣಿಗೆ ತಾಗುವುದಿಲ್ಲ. ಹದಿನೈದು ಜನ ದುಡಿಯುವ ಕಡೆ ಪಟ್ಟಾ ನಿಧಾನವಾಗಿಯೇನೂ ತಿರುಗುವುದಿಲ್ಲ.

ಗಿರಣಿಯೊಳಗೆ

ಅಕ್ಕಿ ಗಿರಣಿ ಹೊರಗಿನಿಂದ ನಿರುಪದ್ರವಿಯಾಗಿ ಕಾಣುತ್ತದೆ. ಒಳಗೆ ಭತ್ತವನ್ನು ಮೇಲಕ್ಕೊಯ್ಯುವ ಎಲಿವೇಟರ್, ಉದ್ದದ ಪಟ್ಟಾಗಳು, ಹೊಟ್ಟು ಬೇರ್ಪಡಿಸುವ ರೋಲರ್‌ಗಳು, ಕುಸುಬಲಕ್ಕಿಯಾದರೆ ಭತ್ತ ನೆನೆಸುವ ತೊಟ್ಟಿ ಮತ್ತು ಹೊಟ್ಟನ್ನೇ ಉರಿಸುವ ಬಾಯ್ಲರ್ ಇರುತ್ತವೆ. ಭತ್ತ ಕಟ್ಟಿಕೊಂಡಾಗ ಯಂತ್ರ ನಿಲ್ಲಿಸದೆ ಕೈ ಹಾಕುವುದು, ಜಾರಿದ ಪಟ್ಟಾವನ್ನು ತಿರುಗುತ್ತಿರುವಾಗಲೇ ಏರಿಸುವುದು ಅಪಾಯದ ಮೂಲ. ಹೆಗಲ ಮೇಲಿನ ಟವೆಲ್, ಸೆರಗು, ಸಡಿಲ ತೋಳು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ತಜ್ಞರು ಎಲ್ಲೆಡೆ ಹೇಳುವ ವಿಧಾನ ಸರಳವಾದದ್ದು: ಯಂತ್ರ ಆರಿಸಬೇಕು, ಸ್ವಿಚ್‌ಗೆ ಬೀಗ ಹಾಕಬೇಕು, ಬೀಗದ ಕೈಯನ್ನು ರಿಪೇರಿಗೆ ಇಳಿದವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ‘ಲೈನ್ ಕ್ಲಿಯರ್’ ಪಡೆಯದೆ ಕಂಬ ಹತ್ತಬಾರದೆಂಬ ನಿಯಮದ ಹಿಂದಿರುವುದೂ ಇದೇ ತರ್ಕ.

ಬಾಯ್ಲರ್ ನಡೆಸುವವನಿಗೆ ಅರ್ಹತಾ ಪತ್ರ ಬೇಕು, ಬಾಯ್ಲರ್‌ಗೆ ನಿಯತಕಾಲಿಕ ತಪಾಸಣೆಯ ಪ್ರಮಾಣಪತ್ರ ಬೇಕು. 1923ರ ಬಾಯ್ಲರ್ ಕಾಯ್ದೆಯ ಬದಲು 2025ರಲ್ಲಿ ಹೊಸ ಕಾಯ್ದೆ ಬಂದರೂ ಈ ಮೂಲ ತತ್ವ ಬದಲಾಗಿಲ್ಲ. ನೀರಿನ ಮಟ್ಟ ತೋರಿಸುವ ಗಾಜಿನಲ್ಲಿ ನೀರು ಕಾಣದಿದ್ದರೆ ಗಾಬರಿಯಿಂದ ತಣ್ಣೀರು ಬಿಡುವುದು ಸಹಜ ಪ್ರತಿಕ್ರಿಯೆ. ಅದೇ ಮಾರಕ. ಕೆಂಪಗೆ ಕಾದ ಲೋಹಕ್ಕೆ ನೀರು ತಗುಲಿದರೆ ಸ್ಫೋಟವಾಗಬಹುದು. ಮೊದಲು ಬೆಂಕಿ ತೆಗೆಯಬೇಕು. ಸುರಕ್ಷತಾ ಕವಾಟ ಆಗಾಗ ಸದ್ದು ಮಾಡುತ್ತದೆಂದು ಅದಕ್ಕೆ ಭಾರ ಕಟ್ಟುವುದು ಇನ್ನೊಂದು ಘೋರ ತಪ್ಪು. ಹೊಟ್ಟಿನ ಬೂದಿಯ ರಾಶಿಯ ಬಗ್ಗೆಯೂ ಎಚ್ಚರ ಅಗತ್ಯ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ, ಕಾಲಿಟ್ಟವರು ಮೊಣಕಾಲವರೆಗೆ ಇಳಿದು ಸುಟ್ಟುಕೊಳ್ಳುತ್ತಾರೆ.

ತೊಟ್ಟಿ, ಗುಂಡಿ, ಧಾನ್ಯ ಸಂಗ್ರಹದ ಕೋಠಿಗಳಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಇಂತಹ ಅವಘಡಗಳಲ್ಲಿ ರಕ್ಷಿಸಲು ಹೋದವರೇ ಸಾಯುವುದು ಜಗತ್ತಿನಾದ್ಯಂತ ಕಂಡುಬಂದಿದೆ. ಗಾಳಿ ಪರೀಕ್ಷಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಹೊರಗೊಬ್ಬ ಕಾವಲಿಲ್ಲದೆ ಇಳಿಯಬಾರದು. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು ಎಂದು ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು.

ಹಮಾಲರ ಬೆನ್ನಿನ ಬಗ್ಗೆ ಮಾತ್ರ ಯಾವ ತರಬೇತಿಯೂ ಹೆಚ್ಚು ಮಾತನಾಡುವುದಿಲ್ಲ. ಈ ಭಾಗದಲ್ಲಿ ಭತ್ತದ ಲೆಕ್ಕ ನಡೆಯುವುದು 75 ಕಿಲೋ ಚೀಲದಲ್ಲಿ. ಒಬ್ಬ ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಮೊಣಕಾಲು ಬಾಗಿಸಿ ಎತ್ತುವುದನ್ನು ಕಲಿಸಬಹುದು, ಆದರೆ ಚೀಲವನ್ನು ಸಣ್ಣದು ಮಾಡುವುದು ಕಾರ್ಮಿಕನ ಕೈಯಲ್ಲಿಲ್ಲ.

ಹತ್ತಿ, ಬೂದಿ, ಬಿಸಿಲು

ಜಿನ್ನಿಂಗ್ ಕಾರ್ಖಾನೆಯಲ್ಲಿ ಬೆಂಕಿ ಮತ್ತು ಧೂಳು ಎರಡೂ ಶತ್ರುಗಳು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದ ಲಕ್ಷಣ ವಿಚಿತ್ರವಾದದ್ದು: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಆರಂಭದ ಹಂತದಲ್ಲಿ ಮರುದಿನ ಸರಿಯಾಗುತ್ತದೆ. ಹೀಗಾಗಿ ಕಾರ್ಮಿಕರು ಅದನ್ನು ನೆಗಡಿಯೆಂದು ಬಿಟ್ಟುಬಿಡುತ್ತಾರೆ. ಈ ಲಕ್ಷಣವೊಂದನ್ನು ಅವರಿಗೆ ತಿಳಿಸಿಕೊಟ್ಟರೂ ತರಬೇತಿ ಸಾರ್ಥಕವೇ.

ಶಕ್ತಿನಗರದ ಸ್ಥಾವರದಲ್ಲಿ ಎಂಟು ಘಟಕಗಳಿದ್ದು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಂತಹ ಸ್ಥಾವರಗಳಲ್ಲಿ ಕಲ್ಲಿದ್ದಲ ಧೂಳು, ಹಾರುಬೂದಿ, ಬಿಸಿ ಹಬೆ, ಕಿವಿಗಡಚಿಕ್ಕುವ ಸದ್ದು ನಿತ್ಯದವು. ನೀರು ಶುದ್ಧೀಕರಣಕ್ಕೆ ಕ್ಲೋರಿನ್ ಬಳಸುವ ಕಡೆ ಅದು ಸೋರಿದರೆ ಏನು ಮಾಡಬೇಕೆಂಬುದು ಪ್ರತಿಯೊಬ್ಬರಿಗೂ ತಿಳಿದಿರಬೇಕು. ಗಾಳಿಗಿಂತ ಭಾರವಾದ ಆ ಅನಿಲ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿದು, ಎತ್ತರದ ಜಾಗ ಸೇರಬೇಕು. ಅಪಾಯಕಾರಿ ರಾಸಾಯನಿಕಗಳನ್ನು ಕುರಿತ 1989ರ ನಿಯಮಗಳ ವ್ಯಾಪ್ತಿಗೆ ಬರುವ ದೊಡ್ಡ ಘಟಕಗಳು ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು.

ಬೇಸಿಗೆಯಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಬಾಯ್ಲರ್ ಮುಂದೆ ನಿಂತವನಿಗೆ ಅದರ ಮೇಲೆ ಇನ್ನಷ್ಟು. ಬೆವರು ನಿಂತು ಮಾತು ತೊದಲತೊಡಗಿದರೆ ಅದು ಬರೀ ಆಯಾಸವಲ್ಲ, ಕೂಡಲೇ ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಆಸ್ಪತ್ರೆಗೆ ಸಾಗಿಸಬೇಕು.

ಸಹಿಯ ತರಬೇತಿ

ಅನೇಕ ಕಡೆ ತರಬೇತಿಯೆಂದರೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾನರ್ ಕಟ್ಟಿ, ಪ್ರತಿಜ್ಞೆ ಬೋಧಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದು. ಪ್ರಶ್ನೆ ಬಂದಾಗ ಆ ಸಹಿಯೇ ಕಾರ್ಮಿಕನ ವಿರುದ್ಧ ಸಾಕ್ಷಿಯಾಗುತ್ತದೆ. ಕನ್ನಡ, ತೆಲುಗು, ಉರ್ದು ಬೆರೆತ ಈ ಜಿಲ್ಲೆಯಲ್ಲಿ, ಹೊರ ರಾಜ್ಯದ ಕಾರ್ಮಿಕರೂ ದುಡಿಯುವೆಡೆ, ಇಂಗ್ಲಿಷ್ ಫಲಕಗಳು ಗೋಡೆಗೆ ಅಲಂಕಾರ ಮಾತ್ರ. ಅಕ್ಷರ ಬಾರದವರಿಗೂ ಅವರ ಯಂತ್ರದ ಮುಂದೆಯೇ ನಿಲ್ಲಿಸಿ, ಮಾಡಿ ತೋರಿಸಿ, ಅವರ ಕೈಯಿಂದ ಮಾಡಿಸಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಹೊಸಬನಿಗೆ ಮೊದಲ ದಿನವೇ ಕಲಿಸಬೇಕು, ಮುಂದಿನ ಮಾರ್ಚ್‌ವರೆಗೆ ಕಾಯುವಂತಿಲ್ಲ.

ಗುತ್ತಿಗೆ ಕಾರ್ಮಿಕರ ಪಾಡು ಇನ್ನೂ ಕಷ್ಟದ್ದು. ಗುತ್ತಿಗೆದಾರ ಬದಲಾದಂತೆ ಅವರ ದಾಖಲೆಯೂ ಬದಲಾಗುತ್ತದೆ. ಅಪಘಾತವಾದಾಗ ಅವನು ಅಂದು ಅಲ್ಲಿ ಕೆಲಸದಲ್ಲಿದ್ದ ಎಂಬುದನ್ನೇ ಕುಟುಂಬ ಸಾಬೀತುಪಡಿಸಬೇಕಾದ ಸಂದರ್ಭ ಬರುತ್ತದೆ. ಹೊಸ ಸಂಹಿತೆ ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂದು ವಿಧಿಸಿದೆ. ಆ ಪತ್ರ ಹಾಗೂ ತರಬೇತಿ ಪಡೆದ ದಾಖಲೆಯ ಒಂದೊಂದು ಪ್ರತಿಯನ್ನು ಕಾರ್ಮಿಕ ಮನೆಯಲ್ಲಿ ಇಟ್ಟುಕೊಳ್ಳುವುದು ಒಳಿತು. ಯಂತ್ರಕ್ಕೆ ರಕ್ಷಣಾ ಕವಚವಿಲ್ಲದಿರುವುದು, ತರಬೇತಿ ನಿರಾಕರಣೆ ಮುಂತಾದ ದೂರುಗಳನ್ನು ರಾಜ್ಯದ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಸಲ್ಲಿಸಬಹುದು. ಗಣಿಗಳಿಗೆ ಸಂಬಂಧಿಸಿದವು ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾ ನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತವೆ.